ಕಲ್ಮಿನೇಟ್ ಆದ ಕುಂಬಳಬಳ್ಳಿ

ಹೂಲಿ ಸಪ್ನಾಗ ಕಿತ್ತೂರಿನ ಒಂದ ಇಂಗ್ಲೀಷ್ ಸಾಲ್ಯಾಗ ಟೀಚರ್ ನೌಕರಿ ಬೇಕಾಗಿತ್ತು. ಆಗಲೇ ಮೂರ ಸಾಲ್ಯಾಗ ಒಲ್ಲೆ ಅಂದಿದ್ರು. ಇಲ್ಲಿ ಹುಡುಗರ ಮುಂದ ಒಂದ ಪಾಠ ಮಾಡಿ ತೋರಸಬೇಕು. ಯಾವ ಶಬ್ದ ಕಲಿಸಬೇಕು ಅಂತ ಚೀಟಿ ಎತ್ತಿದ್ಲು, ಬಂದದ್ದು ‘ಕಲ್ಮಿನೇಟ್’.

"ಏರಿ ಏರಿ ತುತ್ತತುದಿ ಮುಟ್ಟಿ ಮುಗಿಯೂದು," ಅಂದ್ಲು. ಹುಡುಗ್ರು ಮಳ್ಯಾಗ ನಿಂತ ಎಮ್ಮಿಹಂಗ ನೋಡಿದ್ರು. ಹಿಂದಿನ ಬೆಂಚಿನ್ಯಾಗ ಹೆಡ್ ಮಾಸ್ತರ ಮಲ್ಲಿಕಾರ್ಜುನ ಸರ್ ಏನೋ ಗೀಚಿಕೊಂಡ್ರು. ಅವರ ಬಾಜೂಕ ಸಾಲಿ ಚೇರಮನ್ ಗಂಗಯ್ಯನವರು. ಮಾರಿ ಅಂದ್ರ ಕೀಲಿ ಹಾಕಿದ ಬಾಗಲಾ.

ಸಪ್ನಾನ ಬಾಯಿಗೆ ಬಂದದ್ದು ಅಜ್ಜನ ಕತಿ.

"ಅಂದಾನೆಪ್ಪ ಅಂತ ನಮ್ಮಜ್ಜ, ಹಿತ್ತಲದಾಗ ಒಂದ ಕುಂಬಳಬೀಜ ಊರಿದ. ಮುಂಜಾನೆ ಊರಿದ್ದು ಮಧ್ಯಾಹ್ನಕ್ಕ ಮಾಳಗಿ ಏರಿತು."

ಅಂದಾಕಿ ಸುಮ್ನ ನಿಂತ್ಲು. ಮನ್ಯಾಗ ಕತಿ ಕೇಳೋರು ಹೂಂ ಅನ್ನಬೇಕು, ಅನ್ನಲಿಲ್ಲಂದ್ರ ಅಜ್ಜ ಮುಂದ ಹೇಳೂದಿಲ್ಲ. ಆಕಿಗೂ ಅದ ಚಟ. ಹುಡುಗ್ರು ಗಪ್ಪ. ಫ್ಯಾನ್ ಒಂದ ತಿರಗತಿತ್ತು.

"ಮುಂದಿಂದು ಮರತ್ರೇನ್ರಿ?" ಅಂತ ಹೆಡ್ ಮಾಸ್ತರು ಪೆನ್ ಎತ್ತಿದ್ರು.

"ಹೂಂ," ಅಂದ್ರು ಗಂಗಯ್ಯನವರು.

ಅಷ್ಟ ಸಾಕಾತು. "ಮರುದಿನ ಬಳ್ಳಿ ಮಲಪ್ರಭಾ ದಾಟಿತು. ಕಲ್ಮಿನೇಟ್ ಆತೇನು?"

"ಇಲ್ರಿ, ಇನ್ನೂ ಹೊಂಟೈತಿ," ಅಂದ್ರು ಹುಡುಗ್ರು.

"ಮೂರನೇ ದಿನ ತೊರಗಲ್ ಕ್ವಾಟಿ ಹತ್ತಿತು. ತುದಿಗೆ ಒಂದ ಕಾಯಿ ಬಿಟ್ಟಿತು. ಉಬ್ಬಿ ಉಬ್ಬಿ ಕ್ವಾಟಿ ಬಾಗಲಕ್ಕ ಬೂಚ ಬಡದಂಗ ಕುಂತಿತು. ಊರ ಮಂದಿ ಅದರಾಗ ಸುರಂಗ ಕೊರದು ಚಕ್ಕಡಿ ಸಮೇತ ಹೋಗಿ ಬರಾಕ ಹತ್ತಿದ್ರು. ಬಳ್ಳಿ ಹಬ್ಬಿದ್ದು ಆ ಕಾಯ್ಯಾಗ ಕಲ್ಮಿನೇಟ್ ಆತು."

ಬೋರ್ಡ್ ಮ್ಯಾಲ ‘ಕಲ್ಮಿನೇಟ್ ಇನ್’ ಅಂತ ಬರದ್ಲು. "ಯಾವದರಾಗ ಮುಗೀತು ಅನ್ನೂದನ್ನ ಇದರ ಮುಂದ ಹಚ್ಚಬೇಕು."

ರಾಣಿ ಅನ್ನೋ ಹುಡುಗಿ ಎದ್ದ ನಿಂತ್ಲು. "ಟೀಚರ್, ನಮ್ಮವ್ವನ ಬೈಗಳ ದಿನಾ ಲಟ್ಟಣಗ್ಯಾಗ ಕಲ್ಮಿನೇಟ್ ಆಗತಾವು."

ಕ್ಲಾಸ್ ಬಿದ್ದ ಬಿದ್ದ ನಕ್ಕಿತು. ಹೆಡ್ ಮಾಸ್ತರು ಕೆಮ್ಮಿದ್ರು. "ಈ ಕತಿ ಪುಸ್ತಕದಾಗ ಇಲ್ರಿ."

"ಮಾಸ್ತರ್ರ, ಹೋದ ವರ್ಷ ಇದ ಶಬ್ದ ನೀವು ಕಲಿಸಿದ್ರಿ," ಅಂದ್ರು ಗಂಗಯ್ಯನವರು. "ಹುಡುಗ್ರು ಬಾಯಿ ತೆರದಿದ್ರು ಖರೆ, ಆಕಳಸಾಕ." ಸಪ್ನಾನ ಕಡೆ ತಿರಗಿದ್ರು. "ಅಲ್ಲವಾ ತಂಗಿ, ಆ ಸುರಂಗದಾಗ ಎದರಾ ಬದರಾ ಎರಡ ಚಕ್ಕಡಿ ಬಂದ್ರ ಯಾರು ಹಿಂದ ಸರೀತಿದ್ರು?"

"ಅದನ್ನ ಸೋಮವಾರ ಹೇಳತೇನ್ರಿ, ನೌಕರಿ ಆರ್ಡರ್ ಕೈಗೆ ಬಂದಮ್ಯಾಲ."

ಗಂಗಯ್ಯನವರು ಹೆಡ್ ಮಾಸ್ತರ ಮುಂದಿನ ಹಾಳಿ ತಮ್ಮ ಕಡೆ ಎಳಕೊಂಡು, ಸಹಿ ಎಲ್ಲಿ ಮಾಡೂದು ಅಂತ ಕೇಳಿದ್ರು.