ಅಜ್ಜಿಗೆ ಹೋದ ಕರೆ

"ಹೆಸರು ಬರೆಯೋಕೂ ಸೋಮಾರಿತನ ಅಂದ್ರೆ ಪ್ರೋಗ್ರಾಮ್ ಯಾಕಮ್ಮ ಬರೀಬೇಕು?" ಎಂದರು ಮೇಷ್ಟ್ರು. ಮೇಜಿನ ಸುತ್ತ ಕುಳಿತಿದ್ದ ಆರು ಜನ ನಕ್ಕರು. ಪ್ರಸ್ತಾವ ತಂದಿದ್ದ ಅವರ ಶಿಷ್ಯೆಗೆ ಮಾತ್ರ ನಗು ಬರಲಿಲ್ಲ.

ಅವರೆಲ್ಲ ಸೇರಿ ತಿದ್ದುತ್ತಿದ್ದ ಪ್ರೋಗ್ರಾಮಿಂಗ್ ಭಾಷೆಯನ್ನು ಹುಟ್ಟಿಸಿದವರು ಮೇಷ್ಟ್ರು. ಅವಳಿಗೆ ಕೆಲಸ ಕಲಿಸಿದವರೂ ಅವರೇ. ಆ ಭಾಷೆಯಲ್ಲಿ ಒಂದು ಕ್ಲಾಸು, ಅಂದರೆ ಪ್ರೋಗ್ರಾಮಿನ ಒಂದು ಘಟಕ, ತನಗೆ ತಾಯಿಯಂತಿರುವ ಪೇರೆಂಟ್ ಕ್ಲಾಸಿನಲ್ಲಿ ಬರೆದಿಟ್ಟ ಕೆಲಸವನ್ನು (ಮೆಥಡ್) ಕರೆಯಬೇಕಾದರೆ, ಪ್ರತಿ ಸಲವೂ ತಾನು ಯಾರೆಂದು ಹೆಸರು ಬರೆದು ಹೇಳಿಕೊಳ್ಳಬೇಕು. ಬರೀ 'ಸೂಪರ್' ಎಂದರೆ ಸಾಕು, ಮಿಕ್ಕಿದ್ದನ್ನು ಯಂತ್ರವೇ ತಿಳಿದುಕೊಳ್ಳಲಿ ಎಂಬುದು ಅವಳ ಪ್ರಸ್ತಾವ. ಅದು ಈಗಾಗಲೇ ಎರಡು ಸಲ ಬಿದ್ದುಹೋಗಿತ್ತು. ಹೊಸ ಆವೃತ್ತಿಗೆ ಇವತ್ತೇ ಕೊನೆಯ ಸಭೆ. ಈಗಲೂ ಬಿದ್ದರೆ ಮೂರು ವರ್ಷದ ದುಡಿಮೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

"ಹೆಸರು ತಪ್ಪು ಬರೆದು ಎಡವಿದವರನ್ನ ಒಬ್ಬರನ್ನಾದ್ರೂ ತೋರಿಸು," ಎಂದರು ಮೇಷ್ಟ್ರು. " ಕಲಿಯೋರ ತಪ್ಪು ಬೇಡ, ಪಳಗಿದವರದ್ದು ಬೇಕು."

ಅಂಥದ್ದೊಂದು ಫೈಲು ನಾಲ್ಕು ದಿನದಿಂದ ಅವಳ ಲ್ಯಾಪ್‌ಟಾಪಿನಲ್ಲಿ ತೆರೆದೇ ಇತ್ತು. ಬರೆದವರು ಸಾಕ್ಷಾತ್ ಮೇಷ್ಟ್ರೇ. ಪೇರೆಂಟ್ ಕ್ಲಾಸಿನ ಸಾಲನ್ನು ನಕಲು ಮಾಡಿ ಮಗಳ ಕ್ಲಾಸಿಗೆ ಅಂಟಿಸಿದವರು ಹೆಸರು ಬದಲಿಸುವುದನ್ನು ಮರೆತಿದ್ದರು. ಮಗಳು ತಾಯಿಯ ಹೆಸರು ಹೇಳಿಕೊಂಡಂತಾಗಿ, ಕರೆ ತಾಯಿಯನ್ನು ದಾಟಿ ನೇರ ಅಜ್ಜಿಗೆ, ಅಂದರೆ ತಾಯಿಯ ಪೇರೆಂಟ್ ಕ್ಲಾಸಿಗೆ, ಹೋಗುತ್ತಿತ್ತು. ಯಂತ್ರ ಒಂಬತ್ತು ವರ್ಷ ತುಟಿ ಪಿಟಕ್ಕೆನ್ನದೆ ನಡೆಸಿಕೊಂಡು ಬಂದಿತ್ತು. ಇದನ್ನು ತೋರಿಸಿದರೆ ಗೆಲುವೇನೋ ಖಂಡಿತ, ಆದರೆ ಕಲಿಸಿದವರ ಮಾನ ಎಲ್ಲರೆದುರು ಹರಾಜಾಗುತ್ತದೆ. ಅವರ ಮೇಲೆ ಅವಳಿಗೆ ಸಿಟ್ಟೂ ಇತ್ತು, ಪ್ರೀತಿಯೂ ಇತ್ತು.

"ಇದೆ ಮೇಷ್ಟ್ರೇ. ಆದ್ರೆ ನೀವೊಬ್ಬರೇ ನೋಡಿ."

"ಅದೇನಮ್ಮ ಗುಟ್ಟು? ಎಲ್ಲರೂ ನೋಡ್ಲಿ!" ಎಂದವರೇ ಪ್ರೊಜೆಕ್ಟರಿನ ವೈರನ್ನು ತಾವೇ ಅವಳ ಲ್ಯಾಪ್‌ಟಾಪಿಗೆ ಚುಚ್ಚಿದರು. ಅವಳು ಗಡಿಬಿಡಿಯಲ್ಲಿ ಬರೆದವರ ಹೆಸರಿದ್ದ ಮೇಲಿನ ಸಾಲನ್ನು ಪರದೆಯಿಂದಾಚೆ ಸರಿಸಿದಳು.

ಮೇಷ್ಟ್ರು ಎದ್ದು ನಿಂತು ಓದಿದರು. ಎರಡನೇ ಸಲ ಓದುವಾಗ ಬೆರಳು ಆ ಸಾಲಿನ ಮೇಲೆ ನಿಂತಿತು. "ಅಯ್ಯೋ! ಯಾವ ಕತ್ತೆ ಬರೆದದ್ದು ಇದನ್ನ?"



"ಯಾರು ಬೇಕಾದ್ರೂ ಬರೆದಿರಬಹುದು ಮೇಷ್ಟ್ರೇ," ಎಂದಳು. "ನಾನು ಹೇಳ್ತಿರೋದೂ ಅದನ್ನೇ."

ಅವರು ಅವಳ ಮುಖವನ್ನೇ ನೋಡಿದರು. ಆಮೇಲೆ ಬಗ್ಗಿ ಫೈಲನ್ನು ಮೆಲ್ಲಗೆ ಮೇಲಕ್ಕೆ ಸರಿಸಿದರು. ತಡೆಯಲು ಅವಳು ಕೈ ಚಾಚಿದಳು; ಅಷ್ಟರಲ್ಲಿ ಅವರ ಹೆಸರು ಗೋಡೆಯ ಮೇಲೆ ದೊಡ್ಡದಾಗಿ ಮೂಡಿತ್ತು.

ಮೇಷ್ಟ್ರು ಕುರ್ಚಿಗೆ ಮರಳಿ ಕೂತರು. "ಸೂಪರ್ ಒಂದೇ ಸಾಕು ಅನ್ನೋರು ಕೈ ಎತ್ತಿ," ಎಂದರು.

ಮೊದಲು ಎತ್ತಿದವರು ಅವರೇ. ಉಳಿದವರು ಬೆಪ್ಪಾಗಿ ನೋಡುತ್ತ ಕೂತರು. ಮೇಷ್ಟ್ರ ಕೈ ಒಂದೇ ಬಹಳ ಹೊತ್ತು ಮೇಲೆಯೇ ಇತ್ತು.