ನಾದಿನಿ ಓದಿದ ಹೊಗೆ

ದರ್ಜಿ ಅಕ್ಕನ ಎದೆಯಲ್ಲಿ ಗಂಟು ಕಾಣಿಸಿಕೊಂಡು ಮೂರು ತಿಂಗಳಾಗಿತ್ತು. ನೋವಿಲ್ಲವಲ್ಲ ಎಂದು ಯಾರಿಗೂ ಹೇಳಿರಲಿಲ್ಲ. ಕೊನೆಗೆ ಅತ್ತೆಗೆ ಗೊತ್ತಾಗಿ, ಬಲವಂತವಾಗಿ ಆಸ್ಪತ್ರೆಗೆ ಕರೆದೊಯ್ದರು. ಸೂಜಿ ಚುಚ್ಚಿ ಪರೀಕ್ಷಿಸಿದಾಗ ಕ್ಯಾನ್ಸರ್ ಎಂದು ತಿಳಿಯಿತು. ಬೇಗ ಆಪರೇಷನ್ ಆಗಬೇಕು ಎಂದರು ಡಾಕ್ಟರು.

"ನನ್ನ ಕೈಲಾಗಲ್ಲ," ಎಂದಳು ಆಕೆ, ಹೊಲಿಗೆ ಯಂತ್ರದಿಂದ ತಲೆಯೆತ್ತದೆ. "ನನ್ನ ಒಡಹುಟ್ಟಿದ ಅಕ್ಕನಿಗೂ ಇದೇ ರೋಗ ಬಂದಿತ್ತಲ್ಲ, ಏನಾಯ್ತು? ಕೊಯ್ದ್ರು, ಹೊಲಿದ್ರು, ಮನೆಗೆ ಕಳಿಸಿದ್ರು. ಹತ್ತು ದಿನ ಆದ್ಮೇಲೆ ಕೊಯ್ದ ಜಾಗದ ಅಂಚಲ್ಲಿ ರೋಗ ಇನ್ನೂ ಉಳಿದಿದೆ, ಮತ್ತೆ ಬನ್ನಿ ಅಂದ್ರು. ಬಿಚ್ಚಿ ಬಿಚ್ಚಿ ಹೊಲಿಯೋಕೆ ನಾನೇನು ಗಿರಾಕಿಗಳ ಅಂಗಿನಾ?"

ಪಕ್ಕದಲ್ಲಿ ಕೂತಿದ್ದ ನಾದಿನಿಗೆ ನಗು ಬಂತು, ಕಣ್ಣೂ ತುಂಬಿತು. ಅವಳು ಅದೇ ಆಸ್ಪತ್ರೆಯ ಆಪರೇಷನ್ ಕೋಣೆಯಲ್ಲಿ ಕೆಲಸಕ್ಕಿದ್ದಳು. ಮನೆಯವರ ಲೆಕ್ಕದಲ್ಲಿ ಅದು 'ಕಂಪ್ಯೂಟರ್ ನೋಡೋ ಕೆಲಸ', ಅಷ್ಟೇ.

"ಅತ್ತಿಗೆ, ಅದಕ್ಕೇ ನಮ್ಮಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ ಅಂತ ಒಂದು ಯಂತ್ರ ತಂದಿದ್ದಾರೆ. ನಡೆಸೋದು ನಾನೇ."

"ಅದೇನು ಮಾಡುತ್ತೆ?"

"ತೂಕ ಹಾಕುತ್ತೆ. ಡಾಕ್ಟರು ಕರೆಂಟ್ ಚಾಕುವಿಂದ ಕೊಯ್ಯುವಾಗ ಹೊಗೆ ಬರುತ್ತೆ. ಮೊದಲೆಲ್ಲ ಅದನ್ನ ಹೀರಿ ಹೊರಗೆ ಬಿಡ್ತಿದ್ರು. ಈಗ ಪೈಪಿನಲ್ಲಿ ನನ್ನ ಯಂತ್ರಕ್ಕೆ ಬರುತ್ತೆ. ಹೊಗೆಯಲ್ಲಿರೋ, ಕಣ್ಣಿಗೆ ಕಾಣದ ಕಣಗಳನ್ನ ಅದು ಬೇರೆ ಮಾಡಿ ತೂಗುತ್ತೆ. ಕ್ಯಾನ್ಸರ್ ಇರೋ ಮಾಂಸದ ಗುರುತೇ ಬೇರೆ, ಒಳ್ಳೆ ಮಾಂಸದ್ದೇ ಬೇರೆ. ಎರಡು ಮೂರು ಸೆಕೆಂಡಲ್ಲಿ ಪರದೆ ಮೇಲೆ ರೋಗ ಇದ್ರೆ ಕೆಂಪು, ಇಲ್ದಿದ್ರೆ ಹಸಿರು ಬರುತ್ತೆ."

"ಹೊಗೆ ನೋಡಿ ರೋಗ ಹೇಳ್ತೀಯಾ?" ಅಲ್ಲೇ ಕೂತಿದ್ದ ಅತ್ತೆ ಹುಬ್ಬೇರಿಸಿದರು. "ಕಣಿ ಹೇಳೋದು ಯಾವಾಗ ಕಲಿತೆ?"

"ಕಣಿ ಅಲ್ಲಮ್ಮ, ತಕ್ಕಡಿ."

"ತಪ್ಪೇ ಆಗಲ್ವಾ?" ದರ್ಜಿ ಅಕ್ಕ ಕೇಳಿದಳು.

"ಆಗಬಹುದು. ಅದಕ್ಕೇ ತೆಗೆದದ್ದೆಲ್ಲ ಲ್ಯಾಬಿಗೂ ಹೋಗುತ್ತೆ, ಕೊನೇ ಮಾತು ಅವರದ್ದೇ. ಎರಡನೇ ಆಪರೇಷನ್ ಭಯ ಕಡಿಮೆಯಾಗುತ್ತೆ ಅತ್ತಿಗೆ. ಪೂರ್ತಿ ಹೋಗುತ್ತೆ ಅಂತ ಸುಳ್ಳು ಹೇಳಲ್ಲ."

ಸುಳ್ಳು ಹೇಳಲ್ಲ ಎಂದದ್ದೇ ದರ್ಜಿ ಅಕ್ಕನಿಗೆ ಧೈರ್ಯ ತಂದಿತು. "ಆ ದಿನ ನೀನೇ ಇರ್ತೀಯಾ?"

"ಇರ್ತೀನಿ."

ಇದ್ದಳು. ಡಾಕ್ಟರು ಗಂಟು ತೆಗೆದು, ಸುತ್ತಲಿನ ಅಂಚಿಗೆ ಚಾಕು ಮುಟ್ಟಿಸುತ್ತ ಬಂದರು. ಹಸಿರು. ಹಸಿರು. ಕಂಕುಳ ಕಡೆಗೆ ಬಂದಾಗ ಪರದೆ ಕೆಂಪಾಯಿತು.

"ಇನ್ನೊಂದ್ಸಲ ನೋಡು. ನನಗೆ ಇಲ್ಲಿ ಏನೂ ಕಾಣ್ತಿಲ್ಲ," ಎಂದರು ಡಾಕ್ಟರು.

ನಾದಿನಿ ಪರದೆ ಮತ್ತೆ ನೋಡಿದಳು. "ಕೆಂಪೇ, ಡಾಕ್ಟ್ರೇ."

ಡಾಕ್ಟರು ಅಲ್ಲಿಂದ ಉಗುರಿನಗಲದ ಚೂರು ತೆಗೆದರು. ಮತ್ತೆ ಮುಟ್ಟಿಸಿದರು. ಹಸಿರು.

ಹತ್ತು ದಿನಕ್ಕೆ ಲ್ಯಾಬ್ ವರದಿ ಬಂತು. ಆ ಚೂರಿನಲ್ಲಿ ಕ್ಯಾನ್ಸರ್ ಇತ್ತು. ಅದರಾಚೆ ಎಲ್ಲ ಅಂಚೂ ಸ್ವಚ್ಛ. ಮತ್ತೆ ಕೊಯ್ಯಬೇಕಿಲ್ಲ.

"ನನ್ನ ಕಣ್ಣಿಗೆ ಸಿಗದೇ ಇದ್ದದ್ದನ್ನ ನಿಮ್ಮ ಹುಡುಗಿ ಹಿಡಿದಳು," ಎಂದರು ಡಾಕ್ಟರು, ಅತ್ತೆಯ ಕಡೆ ತಿರುಗಿ.

ಅತ್ತೆ ಹೊರಗೆ ಬಂದವರೇ ಬೆಂಚಿನ ಮೇಲಿದ್ದ ಅಪರಿಚಿತರಿಗೆಲ್ಲ ಶುರುಮಾಡಿದರು: "ಒಳಗೆ ಯಂತ್ರ ನಡೆಸೋಳು ನನ್ನ ಮಗಳು. ಸೊಸೆನ ಉಳಿಸಿಕೊಂಡಳು!"

"ಸಾಕಮ್ಮ," ನಾದಿನಿ ಸೆರಗೆಳೆದಳು.

"ಹೇಳಲಿ ಬಿಡೇ," ಎಂದಳು ದರ್ಜಿ ಅಕ್ಕ, ಅವಳ ಕೈ ಹಿಡಿದು. "ಅತ್ತೆ ಸುಸ್ತಾದ್ರೆ ಆಮೇಲೆ ನಾನು ಹೇಳ್ತೀನಿ."

ಅಕ್ಕತಂಗಿಯರೇ, ಈ ಯಂತ್ರ ಇನ್ನೂ ಎಲ್ಲ ಆಸ್ಪತ್ರೆಗಳಿಗೆ ಬಂದಿಲ್ಲ. ಇಲ್ಲದ ಕಡೆ ಅಂಚು ಪರೀಕ್ಷಿಸಲು ಬೇರೆ ವಿಧಾನಗಳಿವೆ. "ಅಂಚನ್ನ ಹೇಗೆ ನೋಡ್ತೀರಿ ಡಾಕ್ಟ್ರೇ?" ಎಂದು ಸಂಕೋಚವಿಲ್ಲದೆ ಕೇಳಿ. ಅದು ನಿಮ್ಮ ಹಕ್ಕು. ಆದರೆ ಮೈಯಲ್ಲಿ ಗಂಟು ಕಂಡರೆ ನೋವು ಬರಲೆಂದು ಕಾಯಬೇಡಿ. ಮುಚ್ಚಿಡಬೇಡಿ. ಇವತ್ತೇ ಹೋಗಿ ತೋರಿಸಿ.