ತುಳಿಯದ ಜೇಡಿಮಣ್ಣು

ನೀರಾವರಿ ಕಚೇರಿಯ ಹಿಂದಿನ ಕೋಣೆಯಲ್ಲಿ ಮಣ್ಣು ಪರೀಕ್ಷಿಸುವಾಕೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಎದುರಿನ ಹಲಗೆಯ ಮೇಲೆ ತಳಕ್ಕೆ ತೂತು ಹೊಡೆದ ಡಬ್ಬಿಗಳು ಸಾಲಾಗಿ ನಿಂತಿದ್ದವು. ಒಂದೊಂದರೊಳಗೂ ಒಂದೊಂದು ಕಡೆಯ ಜೇಡಿಮಣ್ಣು, ಅದರ ಮೇಲೆ ನೀರು, ಕೆಳಗೆ ಬೋಗುಣಿ. ಬೋಗುಣಿ ಒಣಗಿದ್ದರೆ ಮಣ್ಣು ಗೆದ್ದಂತೆ. ಕಾಲುವೆಗೋ ಹೊಂಡಕ್ಕೋ ಧಾರಾಳವಾಗಿ ಬಳಿಯಬಹುದು. ಈ ಕೆಲಸಕ್ಕೆ ಸೇರಿದಾಗ ಅವಳ ಕೂದಲು ಕಪ್ಪಗಿತ್ತು. ಈಗ ಕೂದಲು ಬೆಳ್ಳಗಾಗಿದೆ, ಉಗುರಿನ ಸಂದಿಯ ಮಣ್ಣು ಮಾತ್ರ ಜಪ್ಪಯ್ಯ ಅಂದರೂ ಹೋಗುವುದಿಲ್ಲ.

ಅಂದೂ ಬೋಗುಣಿಗಳೆಲ್ಲ ಒಣಗಿದ್ದವು. ಅವಳ ತಲೆನೋವೂ ಅದೇ. ಅವಳು ಒಪ್ಪಿದ ಮಣ್ಣನ್ನೇ ಊರಾಚೆಯ ಹೊಂಡಕ್ಕೆ ಹಾಕಿದ್ದರು, ಹೊಂಡ ಸೋರಿತು. ಬೇರೆ ಕಡೆಯ ಮಣ್ಣು ಒಪ್ಪಿದಳು, ಅದೂ ಸೋರಿತು. ಆ ಹೊಂಡದ ನೀರು ಹೋಗಬೇಕಾದದ್ದು ಅವಳ ಅಣ್ಣನ ತರಕಾರಿ ತೋಟಕ್ಕೆ. ಅಣ್ಣ ಕೂಗಾಡಿದ್ದರೂ ಸಹಿಸಬಹುದಿತ್ತು. ಆತ ಮಾತೇ ಬಿಟ್ಟ. ಎದುರು ಬಂದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದ. ಈ ಸಲವೂ ಸೋರಿದರೆ ಹೊಂಡ ಮುಚ್ಚಿಸುತ್ತೇವೆ ಎಂದು ಮೇಲಿನವರು ಹೇಳಿಯಾಗಿತ್ತು. ಹೊಂಡ ಮುಚ್ಚಿದರೆ ತೋಟವೂ ಹೋಯಿತು, ಅಣ್ಣನೂ ಹೋದ.

ಬಾಗಿಲಲ್ಲಿ ಅತ್ತಿಗೆ ಕಾಣಿಸಿದಳು. ಕೈಯಲ್ಲಿ ಬಟ್ಟೆಯ ಗಂಟು.

"ನಿಮ್ಮಣ್ಣಂಗೆ ಹೇಳ್ದೇನೇ ಬಂದಿದೀನಿ. ನಮ್ಮ ತೋಟದ ಪಕ್ಕದ ದಿಬ್ಬದ ಮಣ್ಣು ಇದು. ಇದಾದ್ರೂ ನೀರು ಹಿಡಿಯುತ್ತಾ ನೋಡಮ್ಮ."

"ನನ್ನ ಡಬ್ಬೀಲಿ ಎಲ್ಲಾ ಮಣ್ಣೂ ಹಿಡಿಯುತ್ತೆ ಅತ್ತಿಗೆ. ಹೊಂಡದಲ್ಲೇ ಅದಕ್ಕೆ ರೋಗ."

ಆದರೂ ನೆನೆಸಿದಳು. ಕಲ್ಲು ಆರಿಸಿ, ನಾದಿ ನಾದಿ ಬೆಣ್ಣೆ ಮಾಡಿದಳು. ಎಳೆ ಹೊಸೆದು ಬೆರಳಿಗೆ ಉಂಗುರದಂತೆ ಸುತ್ತಿದರೆ ಒಂದು ಬಿರುಕೂ ಇಲ್ಲ. ಒಂದು ಡಬ್ಬಿ ತುಂಬುವಷ್ಟರಲ್ಲಿ ಮಣಿಕಟ್ಟು ಸೋತೇ ಹೋಯಿತು.

"ಗಂಟಲ್ಲಿ ಇನ್ನೂ ಮಣ್ಣಿದೆ, ಇನ್ನೊಂದು ಡಬ್ಬಿ ನೀವೇ ತುಂಬಿ. ನನ್ನ ಕೈಲಾಗಲ್ಲ."

ಅತ್ತಿಗೆಯೂ ನಡೆದು ದಣಿದಿದ್ದಳು. ಉಳಿದ ಮಣ್ಣಿಗೆ ನೀರು ಚಿಮುಕಿಸಿ, ಹೆಂಟೆಗಳನ್ನು ಹಾಗೇ ತುರುಕಿ, ಮೇಲೊಂದು ಏಟು ಹಾಕಿದಳು.

"ಆಯ್ತಾ? ಇಷ್ಟು ಬೇಗ?"

"ಇನ್ನೇನು, ಮಣ್ಣಿಗೆ ತಲೆ ಬಾಚಿ ಜಡೆ ಹಾಕ್ಲಾ?"

ಎರಡಕ್ಕೂ ನೀರು ಹೊಯ್ದು ಚಹಾ ಕುಡಿಯುತ್ತ ಕೂತರು. ಲೋಟ ಖಾಲಿಯಾಗುವ ಮುಂಚೆಯೇ ಅತ್ತಿಗೆಯ ಬೋಗುಣಿಯಲ್ಲಿ ತೊಟ್ಟಿಕ್ಕುವ ಸದ್ದು ಕೇಳಿಸಿತು. ಪಕ್ಕದ ಬೋಗುಣಿ ಒಣಗಿಯೇ ಇತ್ತು.

"ಇದೂ ಕೆಟ್ಟ ಮಣ್ಣೇನಾ?" ಅತ್ತಿಗೆಯ ಮುಖ ಬಾಡಿತು.

ಅವಳು ಎರಡೂ ಬೋಗುಣಿಗಳನ್ನು ನೋಡಿದಳು: ಒಂದೇ ಮಣ್ಣು, ತಾನು ನಾದಿದ್ದು ನೀರು ಹಿಡಿದಿದೆ, ಅತ್ತಿಗೆ ನಾದದೆ ತುರುಕಿದ್ದು ಸೋರಿದೆ. ಹೊಂಡದಲ್ಲಿ ಲಾರಿ ಮಣ್ಣು ಸುರಿಯುತ್ತದೆ, ಆಳುಗಳು ಗುದ್ದಲಿಯಲ್ಲಿ ಹರಡುತ್ತಾರೆ, ನೀರು ಬಿಡುತ್ತಾರೆ. ಅದನ್ನು ನಾದುವವರು ಯಾರು? ನಾದಬೇಕು ಎಂದು ಅವಳು ಯಾರಿಗೂ ಹೇಳಿರಲೇ ಇಲ್ಲ. ಅದು ತನ್ನ ಕೈಯ ಅಭ್ಯಾಸ ಎಂದುಕೊಂಡಿದ್ದಳೇ ಹೊರತು ಕೆಲಸದ ಭಾಗ ಅನ್ನಿಸಿರಲಿಲ್ಲ. ಇಷ್ಟು ಕಾಲ ಪರೀಕ್ಷೆ ಮಾಡಿದ್ದು ಮಣ್ಣನ್ನಲ್ಲ, ತನ್ನ ಮಣಿಕಟ್ಟನ್ನು. ನಗಬೇಕೆನಿಸಿತು, ಅಳು ಬಂತು.

ಎರಡು ದಿನ ಬಿಟ್ಟು ಹೊಂಡದ ತಳದಲ್ಲಿ ದಿಬ್ಬದ ಮಣ್ಣು ನೆನೆದು ಬಿದ್ದಿತ್ತು. ಅಣ್ಣ ದಂಡೆಯ ಮೇಲೆ ಕೈಕಟ್ಟಿ ನಿಂತಿದ್ದ.

"ಅಣ್ಣಾ, ಮಣ್ಣಿನ ತಪ್ಪಲ್ಲ. ತುಳಿದು ನಾದ್ಬೇಕು ಅಂತ ನಾನು ಹೇಳ್ಲೇ ಇಲ್ಲ. ತಪ್ಪು ನಂದೇ."

ಆತ ದೂರ ನೋಡಿದ. ಅವಳು ಬಟ್ಟೆ ಎತ್ತಿ ಕಟ್ಟಿ ಕೆಸರಿಗಿಳಿದಳು. ಹಿಂದೆ ಅತ್ತಿಗೆ, ಅವಳ ಹಿಂದೆ ಗೊಣಗುತ್ತ ಆಳುಗಳು. ಮಂಡಿ ಹಿಡಿದುಕೊಂಡಿತು, ಸೊಂಟ ಬೇಡವೆಂದಿತು. ಈ ವಯಸ್ಸಿಗೆ ಇದೆಲ್ಲ ಬೇಕಿತ್ತೇ ಎಂದು ತನ್ನನ್ನೇ ಬೈದುಕೊಂಡು ತುಳಿದಳು. ಬಿಸಿಲು ನೆತ್ತಿಗೇರಿತು. ಇನ್ನು ಸಾಕು ಎಂದು ದಂಡೆಯ ಕಡೆ ತಿರುಗಿದಳು.

"ಆ ಮೂಲೆ ಬಿಟ್ಟಿದೀಯ."

ವರ್ಷದ ಮೇಲೆ ಅಣ್ಣ ಆಡಿದ ಮೊದಲ ಮಾತು. ಅದೂ ಆಕ್ಷೇಪಣೆಯೇ. ಅವಳಿಗೆ ಸಿಟ್ಟು ಬರಲಿಲ್ಲ, ಎದೆ ತುಂಬಿ ಬಂತು. ಕಾಲೆಳೆದುಕೊಂಡು ಮೂಲೆಗೆ ಹೋದಳು. ಹಿಂದೆ ದಂಡೆಯ ಮೇಲೆ ಅಣ್ಣ ಚಪ್ಪಲಿ ಬಿಡುವ ಸದ್ದು ಕೇಳಿಸಿತು.